ತೂಬಿನ ಗುಂಡಿಯ ಕೊರಮೀನು

ಕೊರಮೀನು ಸುಲಭಕ್ಕೆ ಸಾಯುವುದಿಲ್ಲ. ನೀರಿನಿಂದ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೂ ಗಂಟೆಗಟ್ಟಲೆ ಉಸಿರಾಡುತ್ತದೆ. ಗೌರಿಬಿದನೂರಿನ ಹೊಳೆಯಲ್ಲಿ, ವಿದುರಾಶ್ವತ್ಥದಿಂದ ಸ್ವಲ್ಪ ಕೆಳಗೆ, ಮರಳು ತೆಗೆದು ಬಿಟ್ಟಿದ್ದ ಗುಂಡಿಯೊಂದರಲ್ಲಿ ನಾನು ಹಿಡಿದ ಮೊದಲನೆಯದನ್ನು ತಕ್ಕಡಿಗೆ ನೇತುಹಾಕಿದಾಗ ಅದು ಬಾಲದಿಂದ ನನ್ನ ಕೆನ್ನೆಗೆ ಬಾರಿಸಿತು. ಕಲ್ಲು ತೆಗೆದುಕೊಂಡು ತಲೆಗೆ ಹೊಡೆದೆ. ಮೂರು ಏಟಿಗೆ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಬುರುಡೆ ಒಡೆಯಿತು, ಆದರೂ ಕಿವಿರು ಆಡುತ್ತಲೇ ಇತ್ತು. ಹಾಗೆಯೇ ಹೊಟ್ಟೆ ಸೀಳಿದೆ. ಒಳಗೆ ಅದರದೇ ಜಾತಿಯ ಎರಡು ಮರಿಗಳು ಅರ್ಧ ಕರಗಿದ್ದವು. ಅದನ್ನೂ ಬರೆದುಕೊಂಡೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಕೊರಮೀನು, ಹಾವಿನ ತಲೆಯಂಥ ತಲೆಯ, ಬೇರೆ ಮೀನುಗಳನ್ನು ನುಂಗಿ ಬದುಕುವ ಕಪ್ಪು ಮೀನು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳ ಯಾವ ನೀರಿನಲ್ಲಿ ಅದು ಎಷ್ಟಿದೆ, ಯಾವುದರಲ್ಲಿ ಇಲ್ಲ, ಯಾಕೆ ಇಲ್ಲ. ಪ್ರಶ್ನೆ ಇಷ್ಟೇ. ಉತ್ತರಕ್ಕಾಗಿ ಒಂದು ಬೇಸಗೆ ಪೂರ್ತಿ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಓಡಾಡಿದೆ. ಒಂದು ಕಡೆ ಎರಡು ದಿನ ನಿಲ್ಲುವ ಸ್ವಭಾವ ನನ್ನದಲ್ಲ, ಆದ್ದರಿಂದ ಕೆಲಸ ಹಿಡಿಸಿತು.

ಚಿಕ್ಕಬಳ್ಳಾಪುರದ ಹತ್ತಿರ, ಕಳವಾರದ ಕಡೆ ಬೆಟ್ಟದ ಬುಡದ ಕೆರೆಗಳಲ್ಲಿ ಬೆರಳುದ್ದದ ಪಕ್ಕೆ ಮೀನು ಬಿಟ್ಟರೆ ಏನೂ ಸಿಗಲಿಲ್ಲ. ಶಿಡ್ಲಘಟ್ಟದ ಹತ್ತಿರದ ಕುಂಟೆಯೊಂದಕ್ಕೆ ರೇಷ್ಮೆ ನೂಲು ತೆಗೆದ ಮೇಲೆ ಉಳಿದ ಹುಳುಗಳನ್ನು ತಂದು ಸುರಿಯುತ್ತಿದ್ದರು. ಅಲ್ಲಿಯ ಮೀನುಗಳು ಕೊಬ್ಬಿ ಉರುಟಾಗಿದ್ದವು, ಕುಯ್ದರೆ ಹುಳುವಿನದೇ ನಾತ. ಚಿಂತಾಮಣಿ ಕಡೆಯ ಬಾವಿಗಳಲ್ಲಿ ಬಾವಿಗೊಂದು ಕೊರಮೀನು, ನೀರು ಶುದ್ಧವಾಗಿರಲಿ ಎಂದು ಮನೆಯವರೇ ಬಿಟ್ಟದ್ದು. ಅದನ್ನು ಹಿಡಿಯುತ್ತೇನೆ ಎಂದಾಗ ಒಬ್ಬ ಮುದುಕಿ ಒನಕೆ ಎತ್ತಿಕೊಂಡು ಬಂದಳು. "ಚದುವುಕೊಂಡೋನಂತೆ, ಓದಿರೋನಂತೆ, ಬಾವಿ ಮೀನ್ ತಿಂತಾನಂತೆ!"

ಇದಿಷ್ಟೂ ನನ್ನ ನೋಟ್ ಪುಸ್ತಕದಲ್ಲಿದೆ. ಒನಕೆಯ ಮುದುಕಿ ಮಾತ್ರ ಇಲ್ಲ. ಅವಳು ನೆನಪಿನಲ್ಲಿ ಮಾತ್ರ ಇದ್ದಾಳೆ, ಹಾಗಾಗಿ ಅವಳ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಬರೆಯಬೇಕೆಂದಿರುವ ಸಂಗತಿಯಲ್ಲೂ ಹೀಗೆಯೇ. ಪುಸ್ತಕ ಹೇಳುವುದು ಒಂದಿಷ್ಟು, ನಾನು ಹೇಳುವುದು ಒಂದಿಷ್ಟು. ಯಾವುದು ಯಾವುದು ಎಂದು ಆಗಾಗ ಹೇಳುತ್ತಾ ಹೋಗುತ್ತೇನೆ.

ಆ ನಾಲ್ಕು ತಾಲ್ಲೂಕುಗಳಲ್ಲಿ ನನಗೆ ಕೊರಮೀನು ಹೇರಳವಾಗಿ ಸಿಕ್ಕ ಕೆರೆ ನಮ್ಮೂರಿನದೇ. ಶಿಡ್ಲಘಟ್ಟಕ್ಕೂ ಚಿಕ್ಕಬಳ್ಳಾಪುರಕ್ಕೂ ನಡುವಿನ ಊರು. ನಮ್ಮಪ್ಪ ಆ ಕೆರೆಯ ನೀರಗಂಟಿ. ಕೆರೆಯ ನೀರನ್ನು ಗದ್ದೆಗಳಿಗೆ ಹರಿಸುವವನು, ತೂಬು ತೆಗೆಯುವವನು, ಮುಚ್ಚುವವನು. ಕಟ್ಟೆಯ ಬುಡದಲ್ಲಿ ಎರಡು ಕಲ್ಲಿನ ಕಂಬಗಳ ನಡುವೆ ತೂಬಿನ ಬಾಯಿ. ಕೆರೆ ತುಂಬಿದ್ದಾಗ ಎರಡಾಳು ಆಳಕ್ಕೆ ಮುಳುಗಿ, ಕತ್ತಲಲ್ಲಿ ಕೈಯಾಡಿಸಿ, ಬೆಣೆ ಸಡಿಲಿಸಿ ಬರಬೇಕು. ಊರಿನಲ್ಲಿ ಅದನ್ನು ಬಲ್ಲವನು ಅವನೊಬ್ಬನೇ. ಅವನಿಗಿಂತ ಮುಂಚೆ ನಮ್ಮ ತಾತ.

ತೂಬಿನ ಬಾಯಿಯ ಮುಂದೆ ಒಂದು ಗುಂಡಿ. ಕೆರೆಯೆಲ್ಲ ಒಣಗಿದರೂ ಅಲ್ಲಿ ಎದೆಮಟ್ಟ ನೀರು ನಿಲ್ಲುತ್ತಿತ್ತು. ಬೇಸಗೆಯಲ್ಲಿ ಕೆರೆಯ ಕೊರಮೀನೆಲ್ಲ ಬಂದು ಸೇರಿಕೊಳ್ಳುತ್ತಿದ್ದದ್ದು ಅದರಲ್ಲಿ. ಆ ಗುಂಡಿಯ ಮೀನು ನೀರಗಂಟಿಯ ಪಾಲು. ಗುರುತಿಗೆ ಅಪ್ಪ ಒಂದು ಹೊಂಗೆಯ ಕೊಂಬೆಯನ್ನು ಎಲೆಸಮೇತ ತಂದು ಗುಂಡಿಯ ಅಂಚಿನಲ್ಲಿ ನೆಡುತ್ತಿದ್ದ. ಸೊಪ್ಪು ನಿಂತಿರುವಷ್ಟು ದಿನ ಮೀನಿನ ಗುತ್ತಿಗೆದಾರನೂ ಸರಿ, ಗೌಡರೂ ಸರಿ, ಗುಂಡಿಗೆ ಕಾಲಿಡುವಂತಿಲ್ಲ.

ಆ ಸೊಪ್ಪಿಗೆ ಒಂದು ಕಟ್ಟಳೆ ಇತ್ತು. ಹೊರಗಿನವರು ಕಿತ್ತರೆ ಕಳ್ಳತನ, ಊರೇ ಕೇಳುತ್ತದೆ. ನೀರಗಂಟಿಯೋ ಅವನ ಮನೆಯವರೋ ಕಿತ್ತರೆ ಪಾಲು ಬಿಟ್ಟುಕೊಟ್ಟಂತೆ. ಗುಂಡಿ ಬಿಟ್ಟವನು ತೂಬನ್ನೂ ಬಿಟ್ಟಂತೆ. ಗಂಡುಮಕ್ಕಳಿಲ್ಲದ ಹಿಂದಿನ ಒಬ್ಬ ನೀರಗಂಟಿ ವಯಸ್ಸಾದ ಮೇಲೆ ಹಾಗೆ ಕಿತ್ತು ಗೌಡರ ಕೈಗೆ ಕೊಟ್ಟು ಹೋಗಿದ್ದನಂತೆ. ಆಗಲೇ ಆ ಕೆಲಸ ನಮ್ಮ ಮನೆಗೆ ಬಂದದ್ದು. ನಮ್ಮ ಕೇರಿಯವರಿಗೆ ಊರಿನವರ ಎದುರು ನಿಂತು "ಇದು ನಮ್ಮದು" ಎನ್ನಬಹುದಾಗಿದ್ದ ಜಾಗ ಆ ಗುಂಡಿಯೊಂದೇ.

ಅಪ್ಪ ಗುಂಡಿಯ ಮೀನನ್ನೆಲ್ಲ ಹಿಡಿಯುತ್ತಿರಲಿಲ್ಲ. ಕೊರಮೀನು ಜೋಡಿಯಾಗಿ ಮರಿ ಕಾಯುತ್ತವೆ. ಕೆಂಪು ಮರಿಗಳ ಹಿಂಡಿನ ಕೆಳಗೆ ಗಂಡುಹೆಣ್ಣು ಎರಡೂ ನಿಂತು, ಹತ್ತಿರ ಬಂದ ಕಪ್ಪೆಯನ್ನೂ ಕಾಲನ್ನೂ ಕಚ್ಚುತ್ತವೆ. ದೊಡ್ಡದಾದ ಒಂದೋ ಎರಡೋ ಜೋಡಿಯನ್ನು ಅಪ್ಪ ಹಾಗೆಯೇ ಬಿಡುತ್ತಿದ್ದ. ಮಳೆ ಬಂದು ಕೆರೆ ತುಂಬಿದರೆ ಅವೇ ಮತ್ತೆ ಕೆರೆಯನ್ನೆಲ್ಲ ತುಂಬುತ್ತಿದ್ದವು. ನೀರಗಂಟಿ ಇಲ್ಲದ ಕೆರೆಗಳಲ್ಲಿ ಕೊರಮೀನು ಇಲ್ಲ, ಹೊರಗಿನಿಂದ ಬಂದು ಎಲ್ಲೆಂದರಲ್ಲಿ ಬೆಳೆಯುವ ಜಿಲೇಬಿ ಮೀನು ಮಾತ್ರ ಇದೆ ಎಂಬುದು ನನ್ನ ಪಟ್ಟಿಗಳಲ್ಲೇ ಇತ್ತು. ನಾನು ಅದನ್ನು ಕಂಡದ್ದು ಪ್ರಬಂಧ ಒಪ್ಪಿಸಿದ ಮೇಲೆ. ಪ್ರಬಂಧದಲ್ಲಿ ನೀರಿನ ಆಳ, ಶಾಖ, ಕೆಸರು ಎಂದೆಲ್ಲ ಕಾರಣ ಕೊಟ್ಟಿದ್ದೇನೆ.

ಪ್ರತಿ ಕೆರೆಯಲ್ಲೂ ನಾನು ಬಿದಿರಿನ ಗೂಟಗಳನ್ನು ನೆಟ್ಟು, ಕೆಂಪು ಬಟ್ಟೆ ಕಟ್ಟಿ, ನಂಬರು ಬರೆದು, ಗೂಟದಿಂದ ಗೂಟಕ್ಕೆ ಅಳೆದು ಬಲೆ ಹಾಕುತ್ತಿದ್ದೆ. ನಮ್ಮೂರ ಕೆರೆಯಲ್ಲಿ ಐದನೆಯ ಗೂಟ ತೂಬಿನ ಗುಂಡಿಗೆ ಬಂತು. ಪುಸ್ತಕದಲ್ಲಿ ಹೀಗಿದೆ: "ಗೂಟ ೫. ತೂಬಿನ ಗುಂಡಿ. ಎದೆಮಟ್ಟ. ಸಂಜೆ." ಇಷ್ಟೇ.

ನೆನಪಿನಲ್ಲಿ ಇರುವುದು ಬೇರೆ. ಗುಂಡಿಯ ಸುತ್ತ ಹಾಸುಗಲ್ಲು. ಗೂಟ ಇಳಿಯಬಹುದಾದ ಸಂದು ಒಂದೇ ಇತ್ತು, ಅದರಲ್ಲಿ ಅಪ್ಪನ ಹೊಂಗೆ ಕೊಂಬೆ ನಿಂತಿತ್ತು. ನಾನು ಅದನ್ನು ಕಿತ್ತೆ. ಬುಡದಲ್ಲಿ ಕೆಸರು ಅಂಟಿತ್ತು. ಗೂಟ ಬಡಿದ ಮೇಲೆ ಪಕ್ಕದಲ್ಲಿ ಎಲ್ಲೋ ಸಿಕ್ಕಿಸೋಣ ಎಂದುಕೊಂಡು ಕಲ್ಲಿನ ಮೇಲೆ ಇಟ್ಟು ಮರೆತೆ.

ಈ ನೆನಪನ್ನು ನಾನು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಕಟ್ಟಳೆಯನ್ನು ಹುಟ್ಟಿದಾಗಿನಿಂದ ಬಲ್ಲ ನಾನು ಆ ಕೊಂಬೆಯನ್ನು ಹೇಗೆ ಕಿತ್ತೇನು? ಒಂದೋ ಓದು ನನ್ನನ್ನು ಎಷ್ಟು ಕೆಡಿಸಿತ್ತೆಂದರೆ ಅದು ನನಗೆ ಬರೀ ಅಡ್ಡ ಬಂದ ಕಡ್ಡಿಯಾಗಿ ಕಂಡಿತ್ತು. ಇಲ್ಲವೇ ನಾನು ಕೀಳಲೇ ಇಲ್ಲ, ಮರುದಿನ ನಡೆದದ್ದನ್ನು ನೋಡಿದ ಮೇಲೆ ಹಿಂದಿನ ಸಂಜೆಗೆ ಒಂದು ಕೊಂಬೆಯನ್ನೂ ಕೆಸರನ್ನೂ ನಾನೇ ಸೇರಿಸಿಕೊಂಡಿದ್ದೇನೆ.

ಮರುದಿನ ಕೆರೆ ಬಿಡುವ ದಿನ. ಗುತ್ತಿಗೆದಾರ ತನ್ನ ಬಲೆ ಎಳೆದು ಮುಗಿಸಿದ ಮೇಲೆ ಉಳಿದದ್ದು ಊರಿಗೆ. ಬೆಳಿಗ್ಗೆಯೇ ಜನ ಕಟ್ಟೆಯ ಮೇಲೆ ಬುಟ್ಟಿ, ಸೀರೆ, ಕುಡುಗೋಲು ಹಿಡಿದು ನಿಂತಿದ್ದರು. ಗೌಡರು ಟವಲು ಬೀಸಿದ್ದೇ ತಡ ಎಲ್ಲರೂ ಕೆಸರಿಗೆ ಧುಮುಕಿದರು. ಕೆರೆ ಬಿಡುವ ದಿನ ರಕ್ತ ಬರದೆ ಹೋದದ್ದನ್ನು ನಾನು ಕಂಡಿಲ್ಲ. ಒಬ್ಬನ ಬುಟ್ಟಿಯೊಳಗಿನ ಕಾಟ್ಲಾ ಮೀನಿಗೆ ಇನ್ನೊಬ್ಬ ಕೈ ಹಾಕಿದ. ಅಣ್ಣತಮ್ಮಂದಿರು ಅವರು. ಅಣ್ಣ ಮೀನಿನಿಂದಲೇ ತಮ್ಮನ ಮುಖಕ್ಕೆ ಬಡಿದ. ಒಬ್ಬ ಹೆಂಗಸಿನ ಪಾದವನ್ನು ಯಾರದೋ ಕುಡುಗೋಲು ಸೀಳಿತು. ಅವಳು ಬೈಯುತ್ತಲೇ ಸೆರಗು ಹರಿದು ಕಟ್ಟಿಕೊಂಡು ಮತ್ತೆ ಬಗ್ಗಿದಳು. "ನಿನ್ನ ಕೈ ಸೇದೋಗ! ಕಾಲೂ ಕೊರಮೀನೂ ಗೊತ್ತಾಗಲ್ವೇನೋ ನಿಂಗೆ?"

ಜನ ಆ ವರ್ಷ ಸಿಟ್ಟಿನಲ್ಲಿದ್ದರು. ಚಿಂತಾಮಣಿ ಕಡೆಯಿಂದ ಬಂದಿದ್ದ ಗುತ್ತಿಗೆದಾರ ಸಣ್ಣ ಕಣ್ಣಿನ ಬಲೆ ಎಳೆದು ಮರಿಗಳನ್ನೂ ಬಿಟ್ಟಿರಲಿಲ್ಲ. ಅರ್ಧ ಗಂಟೆ ಕೆಸರು ಕಲಸಿದರೂ ಬುಟ್ಟಿಗಳ ತಳ ಮುಚ್ಚಲಿಲ್ಲ. ಆಗ ತೂಬಿನ ಕಡೆಯಿಂದ ಧಡ್ ಎಂದಿತು.

ನೀರು ಕಂಬದೆತ್ತರ ಎದ್ದು ಬಿತ್ತು. ಗುತ್ತಿಗೆದಾರ ಬಂಡೆ ಒಡೆಯುವ ಮೂರು ಜನರನ್ನು ಕರೆತಂದಿದ್ದ, ಅವರ ಹತ್ತಿರ ಬಂಡೆ ಸಿಡಿಸುವ ಮದ್ದು ಇತ್ತು. ಗುಂಡಿಯ ಮೇಲೆ ಕೊರಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೆಲವು ತಲೆ ಇಲ್ಲದೆ ಬಾಲ ಆಡಿಸುತ್ತಿದ್ದವು. ಆ ಮೂವರಲ್ಲಿ ಒಬ್ಬ ಮೊಣಕೈವರೆಗೆ ನೆನೆದು ಅಂಚಿನಲ್ಲಿ ನಿಂತು ಮೀನು ಎಳೆದು ಹಾಕುತ್ತಿದ್ದ. ಇನ್ನೊಬ್ಬ ಎರಡನೆಯ ಮದ್ದಿಗೆ ಬತ್ತಿ ಸಿಕ್ಕಿಸುತ್ತಿದ್ದ.

ಅಪ್ಪ ಕಟ್ಟೆಯಿಂದ ಇಳಿದು ಓಡಿಬಂದವನು ಅವರ ಮೇಲೆ ಬೀಳಲಿಲ್ಲ. ನೆಟ್ಟಗೆ ಗುಂಡಿಗೆ ಹಾರಿದ. ಎದೆಮಟ್ಟ ನೀರಿನಲ್ಲಿ, ಸತ್ತ ಮೀನುಗಳ ನಡುವೆ ನಿಂತು ತಲೆ ಎತ್ತಿದ.

"ಹಾಕಪ್ಪ, ಹಾಕು ನೋಡಣ. ನನ್ನ ಸೇರ್ಸಿ ಹಾಕು."

"ಏಯ್, ಮೇಲೆ ಬಾರಯ್ಯ," ಎಂದ ಗುತ್ತಿಗೆದಾರ. "ಸೊಪ್ಪಿದ್ರೆ ತಾನೇ ನಿನ್ನ ಗುಂಡಿ? ಸೊಪ್ಪು ಎಕ್ಕಡ? ಎಲ್ಲಿದೆ, ತೋರ್ಸು."

ಅಪ್ಪ ತಿರುಗಿ ನೋಡಿದ. ಕೊಂಬೆ ಇದ್ದ ಕಡೆ ಕೆಂಪು ಬಟ್ಟೆಯ ಬಿದಿರು ಗೂಟ ವಾಲಿಕೊಂಡಿತ್ತು. ಅದರ ಪಕ್ಕದಲ್ಲಿ ನಾನು ಪುಸ್ತಕ, ತಕ್ಕಡಿ ಹಿಡಿದು ನಿಂತಿದ್ದೆ. ಅಪ್ಪ ನನ್ನನ್ನು ನೋಡಿದ. ಅಷ್ಟರಲ್ಲಿ ಜನ ಸುತ್ತುವರಿದಿದ್ದರು, ಗೌಡರು ಪಂಚೆ ಎತ್ತಿ ಹಿಡಿದು ಕೆಸರು ದಾಟಿ ಬಂದರು.

"ಯಾರಯ್ಯ ಕಿತ್ತಿದ್ದು ಸೊಪ್ಪ? ನೀನೇ ಕಿತ್ಯಾ?"

"ನಾನ್ಯಾಕೆ ಕೀಳ್ಲಿ ಸ್ವಾಮಿ?"

"ಮತ್ತಿನ್ಯಾರು? ಹೇಳು, ಎಲ್ಲಾರೂ ಇದಾರೆ."

ಅಪ್ಪ ಕೈ ಎತ್ತಿ ಅಂಚಿನಲ್ಲಿ ನಿಂತಿದ್ದ ಒದ್ದೆ ಕೈಯವನನ್ನು ತೋರಿಸಿದ. "ಇವನು."

"ನೇನು ಕಾದಣ್ಣಾ!" ಎಂದ ಅವನು. ನಂತರ ಕನ್ನಡದಲ್ಲಿ, "ನಾನಲ್ಲಣ್ಣಾ, ನಾ ಬಂದಾಗ್ಲೇ ಇರ್ಲಿಲ್ಲ ಅಲ್ಲಿ!"

ಮೊದಲ ಏಟು ಬುಟ್ಟಿಯದು. ಆಮೇಲೆ ಯಾರು ಎಲ್ಲಿ ಹೊಡೆದರೆಂದು ಹೇಳಲಾಗದು. ಅವನ ಜೊತೆಯವರಿಬ್ಬರೂ ಮದ್ದನ್ನು ಅಲ್ಲೇ ಬಿಟ್ಟು ಓಡಿದರು. ಗುತ್ತಿಗೆದಾರನ ಬೈಕು ಕಟ್ಟೆಯ ಮೇಲೆ ಸದ್ದು ಮಾಡಿ ದೂರವಾಯಿತು. ಗುತ್ತಿಗೆದಾರನಿಗೆ ಬೀಳಬೇಕಾದ ಏಟೆಲ್ಲ ಈ ಒದ್ದೆ ಕೈಯವನಿಗೆ ಬಿದ್ದವು. ತಲೆಗೂದಲು ಹಿಡಿದು ಮುಖವನ್ನು ಕೆಸರಿಗೆ ಅದುಮಿದರು. ಎಬ್ಬಿಸಿ, ಉಸಿರು ಎಳೆದುಕೊಂಡ ಮೇಲೆ ಮತ್ತೆ ಅದುಮಿದರು. ಮೀನಿಗೆ ಬಡಿದಾಡುತ್ತಿದ್ದ ಅಣ್ಣತಮ್ಮಂದಿರು ಈಗ ಜೊತೆಯಾಗಿ ಒದೆಯುತ್ತಿದ್ದರು. ಕಾಲು ಸೀಳಿಸಿಕೊಂಡಿದ್ದ ಹೆಂಗಸೂ ಬಂದು ಎರಡು ಕಲ್ಲು ಎಸೆದಳು. ಯಾರದೋ ಕೈಯ ಬಿದಿರಿನ ಸೀಳು ಅವನ ಎಡಗಣ್ಣಿಗೆ ಹೊಕ್ಕಿತು. ಅವನು ಕಿರುಚಿದ ಮೇಲೆ ಗೌಡರು, "ಸಾಕು ಬಿಡ್ರೋ, ಸತ್ತುಗಿತ್ತು ಹೋದಾನು" ಎಂದರು.

ಇದು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಡೆಯಿತೆಂದು ನನ್ನ ನೆನಪು. ನಾನು ಕಲ್ಲಿನಂತೆ ನಿಂತಿದ್ದೆನೆಂದೂ, ಬಾಯಿ ಒಣಗಿ ಮಾತು ಹೊರಡಲಿಲ್ಲವೆಂದೂ ನೆನಪು. ಪುಸ್ತಕ ಹಾಗೆ ಹೇಳುವುದಿಲ್ಲ. ಮದ್ದು ಸಿಡಿದ ಹೊತ್ತನ್ನು ಬರೆದಿದ್ದೇನೆ. ಅದರ ಕೆಳಗೆ, ಹತ್ತು ನಿಮಿಷಗಳ ನಂತರ ಶುರುವಾಗಿ, ಗೂಟ ಐದರ ಕೊರಮೀನುಗಳ ಉದ್ದ, ತೂಕ, ಗಂಡೋ ಹೆಣ್ಣೋ ಎಲ್ಲ ಸಾಲಾಗಿ ಇದೆ. ಒಬ್ಬ ಮನುಷ್ಯನನ್ನು ಹತ್ತು ಮಾರು ದೂರದಲ್ಲಿ ಬಡಿಯುತ್ತಿದ್ದಾಗ ನಾನು ಮೀನು ತೂಗುತ್ತಿದ್ದೆ. ಬರವಣಿಗೆ ಎಲ್ಲೂ ನಡುಗಿಲ್ಲ.

ಪಾಲು ಅಪ್ಪನಿಗೆ ಉಳಿಯಿತು. ಹೊಸ ಕೊಂಬೆ ನೆಟ್ಟ. ಮುಂದಿನ ವರ್ಷಗಳಲ್ಲಿ ಜನ ಆ ಗುಂಡಿಯ ಹತ್ತಿರ ಎಮ್ಮೆಗಳನ್ನೂ ಬಿಡುತ್ತಿರಲಿಲ್ಲ. ಅಪ್ಪ ಸೊಪ್ಪಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರಬಂಧಕ್ಕೆ ಒಳ್ಳೆಯ ದರ್ಜೆ ಬಂತು, ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು.

ಅಲ್ಲಿದ್ದಾಗ, ತೊಂಬತ್ತರ ದಶಕ ಶುರುವಾಗಿ ಎರಡೋ ಮೂರೋ ವರ್ಷ ಆಗಿತ್ತು, ಕಣ್ಣು ಕಳೆದುಕೊಂಡ ಆ ಮನುಷ್ಯ ಹತ್ತಿರದ ಹಳ್ಳಿಯವನೆಂದು ತಿಳಿಯಿತು. ಒಂದು ಭಾನುವಾರ ಸೈಕಲ್ ತುಳಿದುಕೊಂಡು ಹೋದೆ. ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುತ್ತಾ ಕೂತಿದ್ದ. ಸುತ್ತಿಗೆ ಬಿದ್ದಾಗೆಲ್ಲ ಚಕ್ಕೆ ಸಿಡಿಯುತ್ತಿತ್ತು. ಉಳಿದ ಒಂದು ಕಣ್ಣನ್ನು ಅವನು ಮುಚ್ಚಿಕೊಂಡೇ ಹೊಡೆಯುತ್ತಿದ್ದ.

"ಈ ಕಡೆಯಿಂದ ಬನ್ನಿ ಸಾರ್. ಆ ಕಡೆ ಕಾಣಲ್ಲ ನಂಗೆ."

ನಾನು ಯಾರೆಂದು ಹೇಳಿದೆ. ಸೊಪ್ಪು ಕಿತ್ತದ್ದು ನಾನು ಅನಿಸುತ್ತದೆ ಎಂದೆ. ಸುತ್ತಿಗೆ ನಿಂತಿತು.

"ಅನ್ಸುತ್ತೆ ಅಂದ್ರೆ ಏನು ಸಾರ್?"

"ಕಿತ್ತ ಹಾಗೆ ಜ್ಞಾಪಕ. ಖಾತ್ರಿ ಇಲ್ಲ."

ಅವನು ಹಲ್ಲು ಬಿಟ್ಟು ನಕ್ಕ. "ನಂದೂ ಅಂಗೇ ಸಾರ್. ಅಷ್ಟು ಜನ ನೀನೇ ನೀನೇ ಅಂತ ಹೊಡೆದ್ಮೇಲೆ ಒಂದೊಂದ್ ಸಲ ನಾನೇ ಕಿತ್ತಿರ್ಬೇಕು ಅನ್ಸುತ್ತೆ. ಕನಸಲ್ಲಿ ಕೀಳ್ತೀನಿ, ಕಿತ್ತು ಕಿತ್ತು ಕೈ ನೋಯುತ್ತೆ."

ಸುತ್ತಿಗೆಯನ್ನು ಪಕ್ಕಕ್ಕಿಟ್ಟು ಕೇಳಿದ. "ಖಾತ್ರಿ ಇಲ್ದೆ ಯಾಕೆ ಬಂದ್ರಿ?"

ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವನ ಎದುರು ಕೂತೆ.

"ಕಣ್ಣು ಹೋಗಿದ್ದು ಹೋಯ್ತು ಬಿಡಿ. ನಮ್ಮೂರಲ್ಲೂ ನಂಗೆ ಸೊಪ್ಪಿನ ಕಳ್ಳ ಅಂತ್ಲೇ ಹೆಸ್ರು. ನನ್ನ ಮಗಳ್ನ ನೋಡೋಕೆ ಬಂದೋರು ಅದನ್ನೇ ಕೇಳಿ ವಾಪಸ್ ಹೋದ್ರು. ನಿಮ್ಮೂರ ಕೆರೆ ಬಿಡೋ ದಿನ ನಾನು ಬರ್ತೀನಿ. ಆ ಜನದ ಮುಂದೆ ನಿಂತು ಹೇಳ್ತೀರಾ?"

"ಹೇಳ್ತೀನಿ."

"ಅನ್ಸುತ್ತೆ ಅನ್ನೋದು ಬ್ಯಾಡ ಸಾರ್. ಅನ್ಸುತ್ತೆ ಅಂದ್ರೆ ಮತ್ತೆ ನಂಗೇ ಹೊಡೀತಾರೆ."

ಹಾಗೆ ಹೇಳಿದರೆ ಅಪ್ಪನಿಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮನೆಯವನೇ ಕಿತ್ತಂತೆ ಆಗುತ್ತದೆ, ಗುಂಡಿಯೂ ಹೋಗುತ್ತದೆ, ತೂಬೂ ಹೋಗುತ್ತದೆ. ಕೆರೆ ಬಿಡುವ ಹಿಂದಿನ ದಿನ ಊರಿಗೆ ಹೋಗಿ ಅಪ್ಪನಿಗೆ ಮೊದಲೇ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವನು ಕೊಂಬೆ ಕಡಿಯಲು ಕುಡುಗೋಲು ಮಸೆಯುತ್ತಿದ್ದ. "ಏನಪ್ಪ?" ಎಂದ. "ಏನಿಲ್ಲ" ಎಂದೆ.

ಮರುದಿನ ಜಲ್ಲಿ ಒಡೆಯುವವನು ಬಂದ. ಬಸ್ಸಿಳಿದು ಕಟ್ಟೆಯ ಮೇಲೆ ಒಬ್ಬನೇ ನಿಂತ. ಗುರುತು ಹಿಡಿದವರು ಒಬ್ಬರಿಗೊಬ್ಬರು ತೋರಿಸಿದರು, ಯಾರೋ ಒಬ್ಬ ಕಲ್ಲು ಕೈಗೆತ್ತಿಕೊಂಡ. ಗೌಡರು ಟವಲು ಬೀಸುವ ಮೊದಲು ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ.

"ಆವತ್ತು ಸೊಪ್ಪು ಕಿತ್ತಿದ್ದು ಇವ್ನಲ್ಲ. ನಾನು. ಗೂಟ ನೆಡೋಕೆ ನಾನೇ ಕಿತ್ತೆ."

ಅಷ್ಟು ಖಚಿತವಾಗಿ ನಾನು ಜೀವನದಲ್ಲಿ ಮತ್ತೇನನ್ನೂ ಹೇಳಿಲ್ಲ.

ಗೌಡರು ಅಪ್ಪನ ಕಡೆ ತಿರುಗಿದರು. ಅಪ್ಪ ಗುಂಡಿಯ ಅಂಚಿನಲ್ಲಿ ಕೊಂಬೆಯ ಹತ್ತಿರ ಕೂತಿದ್ದ.

"ಏನಯ್ಯ, ನಿನ್ನ ಮಗ ಹಿಂಗಂತಾನೆ. ನಿಜವೇನಯ್ಯ?"

ಅಪ್ಪ ಎದ್ದ. ಕೊಂಬೆಯನ್ನು ಕಿತ್ತ. ನಿಧಾನವಾಗಿ ಕಟ್ಟೆ ಹತ್ತಿ ಬಂದು, ಅದನ್ನು ಗೌಡರ ಕೈಗೆ ಕೊಟ್ಟು, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದ.

ಕೊಂಬೆ ಗೌಡರ ಕೈಗೆ ಹೋದದ್ದೇ ಜನ ಗುಂಡಿಗೆ ಬಿದ್ದರು. ತಲೆಮಾರುಗಳಿಂದ ಕಾಲಿಡದಿದ್ದ ನೀರು. ಒಬ್ಬರ ಮೇಲೊಬ್ಬರು ಹಾರಿ, ಮೊಣಕೈಯಿಂದ ಗುದ್ದಿ, ಕೆಸರಿನ ಕೆಳಗೆ ಕುಡುಗೋಲು ಬೀಸಿದರು. ಮರಿಗಳ ಕೆಂಪು ಹಿಂಡು ಕಾಲಡಿ ಹೊಸಕಿಹೋಯಿತು. ಕಾಯುತ್ತಿದ್ದ ದೊಡ್ಡ ಜೋಡಿ ಒಬ್ಬನ ತೊಡೆಗೆ ಬಾಯಿ ಹಾಕಿತು. ಅವನು ಹೆಣ್ಣು ಮೀನನ್ನು ಎಳೆದು ತೂಬಿನ ಕಂಬಕ್ಕೆ ಅಪ್ಪಳಿಸಿದ, ಹೊಟ್ಟೆ ಒಡೆದು ಮೊಟ್ಟೆ ಕಲ್ಲಿಗೆ ಅಂಟಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಗುಂಡಿಯಲ್ಲಿ ಒಂದೂ ಉಳಿಯಲಿಲ್ಲ. ಮುಂದೆ ಕೆರೆ ಎಷ್ಟೋ ಸಲ ತುಂಬಿತು, ಆದರೆ ಅಲ್ಲಿ ಕೊರಮೀನು ಕಂಡದ್ದನ್ನು ನಾನು ಕೇಳಿಲ್ಲ. ಜಿಲೇಬಿ ಇದೆಯಂತೆ.

ಸಂಜೆ ಮನೆಗೆ ಹೋದಾಗ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ನಿಂಗ್ಯಾರು ಹೇಳಿದ್ರಪ್ಪ, ನೀನೇ ಕಿತ್ತೆ ಅಂತ?"

"ನನಗೆ ಜ್ಞಾಪಕ ಇದೆ."

"ನೀನು ಗೂಟ ನೆಡೋವಾಗ ಅಲ್ಲಿ ಸೊಪ್ಪೇ ಇರ್ಲಿಲ್ಲ ಕಣೋ. ಒಣಗಿ ಉದುರೋಗಿತ್ತು. ಹೊಸದು ಕಡ್ಕೊಂಡ್ ಬರಣಾಂತ ಮಧ್ಯಾಹ್ನಾನೇ ನಾನು ಕಿತ್ತು ಬಿಸಾಕಿದ್ದೆ. ಅಷ್ಟರಲ್ಲಿ ಕೆರೆಯ ಕಡೇ ನೀರು ಹರೀತಿದ್ದ ಯಾರದೋ ಕಾಲುವೆ ಒಡೀತು, ಅಲ್ಲಿಗೆ ಓಡಿದೆ. ಬೆಳಿಗ್ಗೆ ನೆಟ್ರಾಯ್ತು ಅಂದ್ಕೊಂಡೆ, ಕೊಂಬೆ ತರೋಕೆ ಮುಂಚೆನೇ ಜನ ಕೆರೆಗೆ ಇಳಿದ್ಬಿಟ್ರು."

ನಾನು ಅವನ ಎದುರು ಕೂತೆ. ಆ ಕೊಂಬೆಯ ಒದ್ದೆ ಎಲೆಗಳು ನನ್ನ ಅಂಗೈಗೆ ಇನ್ನೂ ತಾಗುತ್ತಿದ್ದವು. ಅಪ್ಪ ಹೇಳಿದ್ದು ನಿಜವಿರಬಹುದು. ನನ್ನ ತಲೆಯ ಮೇಲಿನ ಭಾರವನ್ನು ಇಳಿಸಲು ಕಟ್ಟಿ ಹೇಳಿದ್ದೂ ಇರಬಹುದು. ಆಮೇಲೆ ಅವನು ಬದುಕಿದ್ದಷ್ಟು ದಿನವೂ ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದ, ಒಂದು ಮಾತೂ ಬದಲಿಸಲಿಲ್ಲ. ಸುಳ್ಳು ಹೇಳುವವರು ಮಾತು ಬದಲಿಸುವುದಿಲ್ಲ, ನಿಜ ಹೇಳುವವರೂ ಬದಲಿಸುವುದಿಲ್ಲ.

"ಮತ್ತೆ ಅವನನ್ನ ಯಾಕೆ ತೋರಿಸ್ದೆ?" ಎಂದು ಕೇಳಿದೆ.

"ಅವನ ಕೈ ಒದ್ದೆಯಾಗಿತ್ತು. ಎದುರಿಗೇ ನಿಂತಿದ್ದ. ಎರಡು ಬಿಗೀತಾರೆ, ಓಡಿಸ್ತಾರೆ ಅಂದ್ಕೊಂಡೆ. ಅಂಗೆ ಹೊಡೀತಾರೆ ಅಂತ ಯಾರಿಗೊತ್ತಿತ್ತು?"

ಅಮ್ಮ ಒಳಗಿಂದ ಊಟಕ್ಕೆ ಕರೆದಳು. ಇಬ್ಬರೂ ಏಳಲಿಲ್ಲ. ಅಪ್ಪ ಕೇಳಿದ.

"ಆ ಒಂದು ಕಣ್ಣಿನೋನು ಗುಂಡಿಗೆ ಇಳಿದ್ನಾ?"

"ಇಳಿದ. ಕೊನೆಗೆ."

"ಸಿಕ್ತಾ ಏನಾದ್ರೂ?"

"ಎರಡು ಸಿಕ್ತು. ಟವಲಲ್ಲಿ ಕಟ್ಕೊಂಡು ಬಸ್ ಹತ್ತಿದ."

"ದೊಡ್ಡವಾ?"

"ಸಣ್ಣವು," ಎಂದೆ.

ಅಪ್ಪ ಏನೋ ಲೆಕ್ಕ ಹಾಕುವವನಂತೆ ನೆಲ ನೋಡಿದ. "ಜೀವ ಇತ್ತಾ ಅವಕ್ಕೆ?"

ಇತ್ತು ಎಂದೆ. ಟವಲೊಳಗೆ ಅವು ಒದ್ದಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಅದು ಖಾತ್ರಿ.